ಪರದೇಶಿಯೂ ಗೃಹಸ್ಥನೂ



ನಮ್ಮ ಆಡುನುಡಿಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದೊಂದು. ದಿಕ್ಕುದೆಸೆಯಿಲ್ಲದವನು ಎಂಬುದು ಇನ್ನೊಂದು. ಮೊದಲನೆಯದು ಅವನ ಪ್ರಯಾಣದಿಂದ ಬರತಕ್ಕದ್ದು. ಎರಡನೆಯದಾದರೋ ಅವನು ಬಂದಿಳಿದ ಊರಿನವರ ನಡತೆಯಿಂದ ಬರತಕ್ಕದ್ದು. ಗೃಹಸ್ಥರಾದವರು ಈ ಭೇದವನ್ನು ಚೆನ್ನಾಗಿ ಮನನ ಮಾಡಬೇಕು.

ಬೆಂಗಳೂರಿನ ದಂಡು ಪ್ರದೇಶವು ಪರಸ್ಥಳದವರಿಂದಲೇ ಬೆಳೆದುದು. 1809ರಲ್ಲಿ ಬ್ರಿಟಿಷರ ಸೇನೆಯು ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿತು. ಅದರ ಹಿಂದೆಯೇ ಮದರಾಸು ಪ್ರಾಂತದಿಂದ ಸಿಪಾಯಿಗಳೂ ವರ್ತಕರೂ ಕೂಲಿಕಾರರೂ ಬಂದರು. 1881ರಲ್ಲಿ ಮೈಸೂರು ಸಂಸ್ಥಾನವು ಅರಸರಿಗೆ ಹಿಂದಿರುಗಿದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಾಡಳಿತಕ್ಕೆ ಸೇರಿದುವು. ಆದುದರಿಂದಲೇ ಶಿವಾಜಿನಗರ, ಹಲಸೂರುಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳು ಇಂದಿಗೂ ಕನ್ನಡದೊಡನೆ ಕೇಳಿಬರುವುವು. ಒಳನಾಡಿನಿಂದ ಬಂದ ಕನ್ನಡಿಗನೇ ಇಲ್ಲಿ ತಬ್ಬಿಬ್ಬಾಗುವುದುಂಟು.

ಹಾಗೆ ತಬ್ಬಿಬ್ಬಾದ ಭಕ್ತರೊಬ್ಬರು ತಮ್ಮ ಸಂಗತಿಯನ್ನು ನಮ್ಮಲ್ಲಿ ಅರಿಕೆ ಮಾಡಿಕೊಂಡರು. ಅವರ ಒಪ್ಪಿಗೆ ಪಡೆದು, ಹೆಸರನ್ನು ಮಾತ್ರ ಬಿಟ್ಟು, ಇಲ್ಲಿ ಹೇಳುತ್ತೇವೆ. ನಲವತ್ತು ವರುಷಗಳ ಹಿಂದೆ ಅವರು ದಾವಣಗೆರೆಯ ಕಡೆಯಿಂದ ಕೆಲಸಕ್ಕಾಗಿ ಬಂದು ಶಿವಾಜಿನಗರದಲ್ಲಿ ನಿಂತಿದ್ದರು. ಹೋಗಬೇಕಾದುದು ಕೃಷ್ಣರಾಜಪುರಕ್ಕೆ. ‘ಕೆ.ಆರ್.’ ಎಂಬೆರಡಕ್ಷರ ಕಿವಿಗೆ ಬಿದ್ದೊಡನೆ ಬಸ್ಸು ಹತ್ತಿದರು. ಇಳಿದುದು ಪೇಟೆಯ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ! ಪುರವು ಪೂರ್ವಕ್ಕೆ, ಮಾರುಕಟ್ಟೆಯು ಪಶ್ಚಿಮಕ್ಕೆ. ಕತ್ತಲಾಗಿತ್ತು. ಹೂ ಮಾರುತ್ತಿದ್ದ ಮುದುಕಿಯೊಬ್ಬಳು ಇವರ ಮುಖವನ್ನು ನೋಡಿ, ತಮಿಳಿನಲ್ಲಿಯೇ ಏನೋ ಸಮಾಧಾನ ಹೇಳಿ, ತನ್ನ ಬುತ್ತಿಯ ಇಡ್ಲಿಯನ್ನು ತಿನ್ನಿಸಿ, ಸರಿಯಾದ ಬಸ್ಸಿಗೆ ಕರೆತಂದು ನಿರ್ವಾಹಕನಿಗೆ ಒಪ್ಪಿಸಿದಳು. ಅವಳ ಮಾತು ಇವರಿಗೆ ತಿಳಿಯಲಿಲ್ಲ. ಅವಳ ಮನಸ್ಸು ತಿಳಿಯಿತು.

ಕಾಲಾನಂತರದಲ್ಲಿ ಇವರು ಕೃಷ್ಣರಾಜಪುರದಲ್ಲಿ ಮನೆ ಕಟ್ಟಿದರು. ಮಹಡಿಯ ಕೋಣೆಗೆ ಆಫ್ರಿಕಾ ಖಂಡದಿಂದ ಓದಲು ಬಂದ ಯುವಕನೊಬ್ಬನು ಬಾಡಿಗೆಗೆ ಬಂದನು. ‘ಇಂದು ನೀರು ಬರುವುದೆ?’ ಎಂದು ಅವನು ಕೇಳಿದರೆ ಇವರು ನಮ್ಮವರ ವಾಡಿಕೆಯಂತೆ ತಲೆಯನ್ನು ಅತ್ತಿತ್ತ ಆಡಿಸುವರು. ಇವರ ‘ಹೌದು’ ಅವನಿಗೆ ‘ಇಲ್ಲ’ವಾಗಿ ಕಂಡು, ಅವನು ಹಣ ತೆತ್ತು ಕ್ಯಾನಿನ ನೀರನ್ನು ಹೊತ್ತು ತರುವನು. ಮನೆಯವರು ನಕ್ಕರು. ಒಂದು ದಿನ ಅವನು ಬಾಡಿಗೆಯ ಹಣವನ್ನು ಎಡಗೈಯಿಂದ ನೀಡಿದನು. ಮನೆಯ ಹಿರಿಯ ತಾಯಿ ಅಂದಿನಿಂದ ಅವನೊಡನೆ ಮಾತು ಬಿಟ್ಟರು. ಮತ್ತೊಂದು ದಿನ ಇಂದಿರಾನಗರದಲ್ಲಿ ಗೆಳೆಯನ ಮನೆಯನ್ನು ಅರಸಿ, ಒಂದೇ ಸಂಖ್ಯೆಯ ಅಡ್ಡರಸ್ತೆಯು ಹಂತಹಂತಕ್ಕೂ ಬರುವ ಆ ಬಡಾವಣೆಯಲ್ಲಿ ಅಲೆದಲೆದು ನಡುರಾತ್ರಿ ಹಿಂದಿರುಗಿದನು. ಬಾಗಿಲು ತೆರೆದ ಯಜಮಾನರು ಕಾರಣವನ್ನು ಕೇಳದೆಯೇ ಗದರಿಸಿದರು.

ತರುವಾಯ ಅವನಿಗೆ ಜ್ವರ ಬಂದಿತು. ಮೂರು ದಿನ ಒಬ್ಬನೇ ಮಲಗಿದ್ದನು. ಕೆಳಗೆ ಅದೇ ಮೂರು ದಿನ ಗೃಹಪ್ರವೇಶದ ವಾರ್ಷಿಕೋತ್ಸವ, ಜಂಗಮಾರಾಧನೆ, ನೂರಾರು ಜನಕ್ಕೆ ದಾಸೋಹ! ಅನ್ನದ ಪರಿಮಳವು ಮಹಡಿಯನ್ನು ಮುಟ್ಟಿತು, ಅನ್ನವು ಮುಟ್ಟಲಿಲ್ಲ. ಬಾಗಿಲು ತಟ್ಟಲು ಅವನು ಅಂಜಿದ್ದನು. ನಾಲ್ಕನೆಯ ದಿನ ಅವನ ಗೆಳೆಯನು ಬಂದು ಆಸ್ಪತ್ರೆಗೆ ಕರೆದೊಯ್ದಾಗಲೇ ಇವರಿಗೆ ವಿಷಯ ತಿಳಿದುದು. ಗುಣಮುಖನಾದ ಮೇಲೆ ಅವನು ಕೋಣೆಯನ್ನು ಬಿಟ್ಟನು. ಕೊನೆಯ ಬಾಡಿಗೆಯನ್ನು ಬಲಗೈಯಿಂದ ಕೊಟ್ಟನು. ಇದನ್ನು ಹೇಳುವಾಗ ಆ ಭಕ್ತರ ಕಣ್ಣು ತುಂಬಿದುವು. ‘ಆ ಹೂವಿನ ಮುದುಕಿಯ ಋಣವನ್ನು ತೀರಿಸುವ ಸಮಯವು ನನ್ನ ಮಹಡಿಗೇ ಬಂದಿತ್ತು, ಬುದ್ಧಿ, ನಾನು ಗುರುತಿಸಲಿಲ್ಲ’ ಎಂದರು.

ಗುರುತಿಸದಿರುವುದು ಎಂತಹ ದೊಡ್ಡ ಮನೆಯಲ್ಲಿಯೂ ನಡೆಯಬಹುದು. ಅಫಘಾನಿಸ್ತಾನದ ಕಡೆಯಿಂದ ಬಂದವನೆಂದು ಪ್ರತೀತಿಯುಳ್ಳ ಮರುಳಶಂಕರದೇವನು ಕಲ್ಯಾಣದ ಮಹಾಮನೆಯಲ್ಲಿ, ಪ್ರಸಾದಕುಂಡದ ಬಳಿ, ಹನ್ನೆರಡು ವರುಷ ಯಾರ ಗಮನಕ್ಕೂ ಬಾರದೆ ಇದ್ದನೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಭುದೇವರು ಬಂದು ತೋರಿಸಿದ ಮೇಲೆ ಅವನ ನಿಲವು ತಿಳಿಯಿತು. ಅಂದು ಬಸವಣ್ಣನವರು ನೆಪ ಹೇಳಲಿಲ್ಲ, ಮರುಗಿದರು. ಕಾಶ್ಮೀರದ ಅರಸನಾಗಿದ್ದು ಕಟ್ಟಿಗೆ ಮಾರುವ ಕಾಯಕ ಹಿಡಿದ ಮೋಳಿಗೆಯ ಮಾರಯ್ಯನನ್ನೂ, ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನನ್ನೂ ನಾವು ನಮ್ಮವರೆಂದೇ ನೆನೆಯುತ್ತೇವೆ. ಅವರಿಗೂ ಮೊದಲ ದಿನ ದಾರಿ ತಪ್ಪಿರಲಾರದೆ? ಮಾತು ತಡವರಿಸಿರಲಾರದೆ?

ಆದುದರಿಂದ ಬಂಧುಗಳೇ, ದಾಸೋಹವೆಂದರೆ ಕರೆದವರಿಗೆ ಬಡಿಸುವುದಷ್ಟೇ ಅಲ್ಲ. ಪರದೇಶದವನು ನಿಮ್ಮ ಮನೆಗೋ ಬೀದಿಗೋ ಬಂದರೆ ಮೊದಲ ದಿನವೇ ನಮ್ಮ ರೂಢಿಗಳನ್ನು ಪ್ರೀತಿಯಿಂದ ತಿಳಿಸಿರಿ. ತಲೆಯಾಡಿಸದೆ ಬಾಯಿಂದ ಹೌದೆನ್ನಿರಿ. ವಿಳಾಸವನ್ನು ಗುರುತಿನೊಡನೆ ಬರೆದುಕೊಡಿರಿ. ಎಲ್ಲರಿಗೆ ಹೇಳುವ ಬೆಲೆಯನ್ನೇ ಅವನಿಗೂ ಹೇಳಿರಿ. ಎರಡು ದಿನ ಕಾಣದಿದ್ದರೆ ಅವನ ಬಾಗಿಲನ್ನು ನೀವೇ ತಟ್ಟಿರಿ. ಎಡಗೈ ಬಲಗೈಯೆಂಬುದು ಕಲಿತರೆ ಬರುವ ಆಚಾರ. ಹಸಿದವನ ಹಸಿವನ್ನು ಅರಿಯುವುದು ಲಿಂಗವಂತನಲ್ಲಿ ಮೊದಲೇ ಇರಬೇಕಾದ ಆಚಾರ. ಅವನ ತಪ್ಪು ಒಂದು ಗಳಿಗೆಯ ನಗೆಗೆ ಕಾರಣವಾದೀತು. ನಮ್ಮ ತಪ್ಪು ಅವನನ್ನು ನಿಜವಾದ ಪರದೇಶಿಯನ್ನಾಗಿ ಮಾಡೀತು.

ಸರ್ವರಿಗೂ ಮಂಗಳವಾಗಲಿ.