ರಿಪೋರ್ಟು ಯಾರದು?

ಮುಂಬಯಿಯಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಊರಿನಿಂದ ಬರುವ ನೆಂಟರಲ್ಲಿ ಎರಡು ಬಗೆ: ಶಹರ ನೋಡಲು ಬರುವವರು, ಆಸ್ಪತ್ರೆಗೆ ಬರುವವರು. 1941ರಲ್ಲಿ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದ ಮೇಲೆ ಈ ಎರಡನೆಯ ಬಗೆಯವರು ಬರುತ್ತಲೇ ಇದ್ದಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಾದ ನಂತರವೂ ಅದು ನಿಂತಿಲ್ಲ.

ನನ್ನ ಸೋದರಮಾವ ಧಾರವಾಡದ ಕಡೆಯಿಂದ ಬಂದದ್ದು ನಾಲಗೆಯ ಅಂಚಿನಲ್ಲಿ ಮಾಯದ ಹುಣ್ಣು ಹೊತ್ತು. ನಲವತ್ತು ವರ್ಷಗಳ ತಂಬಾಕಿನ ಫಲ. ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟು ತರಲು ಹೋದವನು ನಾನು. ಅವರ ಮಗ ಫೋನಿನಲ್ಲಿ, "ಅಪ್ಪಗ ಹೇಳಬ್ಯಾಡಣ್ಣ, ಎದಿ ಒಡಕೋತಾರ" ಎಂದ. ಮೂರು ದಿನ ಆ ಕಾಗದ ನನ್ನ ಆಫೀಸಿನ ಚೀಲದಲ್ಲಿತ್ತು. ಇನ್ನೊಬ್ಬರ ಹೆಸರಿನ ಕಾಗದವನ್ನು ಹೀಗೆ ಇಟ್ಟುಕೊಂಡರೆ ನಮ್ಮ ಕಛೇರಿಯಲ್ಲಿ ಮೆಮೊ ಕೊಡುತ್ತಾರೆ!

ಬಯಾಪ್ಸಿ ರೋಗ ಯಾವುದೆಂದು ಹೇಳುತ್ತದೆ. ಎಷ್ಟು ದೂರ ಹಬ್ಬಿದೆ ಎಂದು ತಿಳಿಯಲು ಸ್ಕ್ಯಾನು ಬೇಕು. ಆಮೇಲೆ ನಾಲ್ಕು ಹಂತಗಳಲ್ಲಿ ಯಾವುದೆಂದು ನಿರ್ಧರಿಸುತ್ತಾರೆ. ಇಂಥ ಹುಣ್ಣಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಕ್ರಿಯೆ. ಬೇಕೆನಿಸಿದರೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ವಿಕಿರಣ. ಬಾಯಿ ಒಣಗುತ್ತದೆ, ರುಚಿ ಕೆಡುತ್ತದೆ, ನುಂಗುವುದು ಕಷ್ಟ. ನೂರರಲ್ಲಿ ಇಷ್ಟು ಜನ ಐದು ವರ್ಷ ಬದುಕುತ್ತಾರೆ ಎನ್ನುತ್ತಾರಲ್ಲ, ಅದು ಹಿಂದೆ ಚಿಕಿತ್ಸೆ ಪಡೆದವರ ಲೆಕ್ಕ. ಬಿ.ಎಸ್ಸಿ.ಯಲ್ಲಿ ಓದಿದ ಸಂಖ್ಯಾಶಾಸ್ತ್ರ ನೂರು ಜನರ ಮಾತನ್ನು ಹೇಳೀತು, ನಮ್ಮ ಮಾವ ಆ ನೂರರಲ್ಲಿ ಎಲ್ಲಿ ನಿಂತಿದ್ದಾರೆಂದು ಹೇಳದು.

ಹೀಗಿರುವಾಗ ಏನೂ ತಿಳಿಸದೆ ಒಬ್ಬನ ನಾಲಗೆಗೆ ಕತ್ತರಿ ಹಾಕಿಸುವುದು ಯಾವ ಪ್ರೀತಿ? ಕೇಳದವನ ಮುಂದೆ ಅಂಕಿ ಸುರಿಯುವುದೂ ಸರಿಯಲ್ಲ, ಒಪ್ಪುತ್ತೇನೆ. ಕೆಲವರಿಗೆ ತಿಳಿಯದಿರುವುದೇ ಬೇಕಿರುತ್ತದೆ. ಆದರೆ ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳಬಹುದಲ್ಲ. ನಾವು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಒಡೆಯುವುದೆಂದು ನಾನು ಹೆದರಿದ್ದು ನನ್ನದೇ ಎದೆ.

ನಾಲ್ಕನೆಯ ದಿನ ಮಾವನೇ ಚೀಲದ ಕಡೆ ಕೈ ತೋರಿಸಿ, "ಆ ಚೀಟಿ ನಂದಲ್ಲೇನೋ?" ಎಂದರು. ಕೊಟ್ಟೆ. ಕೂತು ಎಲ್ಲ ಹೇಳಿದೆ. ಎಷ್ಟು ವರ್ಷ ಎಂದು ಅವರು ಕೇಳಲೇ ಇಲ್ಲ. "ಈ ಸಲ ಬಿತ್ತಿಗಿಗೆ ಹೋಗಾಕ ಆಗಂಗಿಲ್ಲ ಹಂಗಾರ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆಮ್ಯಾಲೆ ರೊಟ್ಟಿ ತಿನ್ನಾಕ ಬರತೈತೇನು?"

ಅದು ನನಗೆ ಗೊತ್ತಿರಲಿಲ್ಲ. ಮರುದಿನ ಡಾಕ್ಟರರನ್ನು ಅವರೇ ಕೇಳಿದರು.