ಇಕ್ಕೇರಿಯಲ್ಲಿ ಒಂದು ಹಗಲು

ಅಘೋರೇಶ್ವರಾ, ಹಣ್ಣುಕಾಯಿ ಮಾಡಿಸಿಕೊಂಡು ಬಂದಾಯಿತು. ಇನ್ನು ಉಳಿದಿರುವುದು ಈ ಒಂದು ದಿನ. ಅದನ್ನೂ ನಿನಗೇ ಒಪ್ಪಿಸುತ್ತೇನೆ, ಕೇಳು.

ಶಿವಮೊಗ್ಗದ ರವೀಂದ್ರನಗರದಲ್ಲಿ ನಾವು ಮನೆ ಮಾಡಿ ಇಪ್ಪತ್ತು ವರ್ಷ ದಾಟಿತು. ಜೋಗ ನೋಡಬೇಕೆಂದು ಬಂದ ನೆಂಟರನ್ನು ಕಾರಿನಲ್ಲಿ ಕೂರಿಸಿಕೊಂಡು ಸಾಗರ ಹಾದು ಹೋದದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಅಪ್ಪ, "ಇಕ್ಕೇರಿ ಇಲ್ಲೇ ಪಕ್ಕ ಅಲ್ವಾ?" ಅನ್ನುತ್ತಿದ್ದರು. ಪ್ರತಿ ಸಲವೂ ನಾನು, "ಇನ್ನೊಮ್ಮೆ ಹೋಗೋಣ" ಅನ್ನುತ್ತಿದ್ದೆ. ಆ ಇನ್ನೊಮ್ಮೆ ಬರುವ ಮೊದಲೇ ಅಪ್ಪ ಹೋಗಿಬಿಟ್ಟರು. ತಪ್ಪಾಯಿತು, ತಂದೆ. ಈ ಮಾಗಿಯಲ್ಲಿ ಅಮ್ಮನನ್ನಾದರೂ ಕರೆತಂದೆ.

ಬೆಳಗ್ಗೆ ನಮ್ಮ ಬಡಾವಣೆಯ ಗಣಪತಿ ಗುಡಿಯ ಹೊರಗೇ ನಿಂತು ಕೈಮುಗಿದೆವು, ಬಾಗಿಲಿನ್ನೂ ತೆಗೆದಿರಲಿಲ್ಲ. ಕಾರು ಬೇಡ, ತಾಳಗುಪ್ಪದ ರೈಲಿಗೇ ಹೋಗೋಣ ಅಂದವಳು ಅಮ್ಮ. ಅವಳ ಮಾತು ಕೇಳಿದ್ದು ಒಳ್ಳೆಯದಾಯಿತು. ಕುಂಸಿ ದಾಟಿದ ಮೇಲೆ ಕಾಡು ಕಿಟಕಿಯ ಹತ್ತಿರಕ್ಕೇ ಬಂತು. ಅರಸಾಳು ಸ್ಟೇಷನ್ನಿನಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ಅವಳಿಗೆ ಗೊತ್ತು. ರೈಲು ಮುಂದೆ ಹೋದರೂ ತಿರುಗಿ ತಿರುಗಿ ನೋಡುತ್ತಿದ್ದಳು. ಆನಂದಪುರದ ಹೊತ್ತಿಗೆ ಬುತ್ತಿ ಬಿಚ್ಚಿದೆವು. ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ.

ಸಾಗರದಲ್ಲಿ ಇಳಿದು ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಆಟೋದವನು ಒಳ್ಳೆಯ ಹುಡುಗ. "ನಿಧಾನಕ್ಕೆ ನೋಡ್ಕೊಂಡು ಬನ್ನಿ ಅಮ್ಮಾ, ನಾ ಇಲ್ಲೇ ಇರ್ತೀನಿ" ಅಂದ. ಅವನನ್ನೂ ಅವನ ಮನೆಯವರನ್ನೂ ಚೆನ್ನಾಗಿಡು.

ನಿನ್ನ ಊರು ಈಗ ಹಳ್ಳಿ. ಒಂದು ಕಾಲಕ್ಕೆ ಮೂರು ಸುತ್ತಿನ ಕೋಟೆಯಿದ್ದ ರಾಜಧಾನಿ. ಬಿದನೂರಿಗೆ ರಾಜಧಾನಿ ಹೋದ ಮೇಲೂ ಕೆಳದಿ ಅರಸರ ವರಹಕ್ಕೆ ಇಕ್ಕೇರಿಯ ಹೆಸರೇ ಉಳಿಯಿತು. ಅವರ ಅರಮನೆ ಮಣ್ಣಿನದು, ಮರದ್ದು. ಕೆತ್ತನೆ ಮಾಡಿಸಿ ಚಿನ್ನದ ಲೇಪ ಕೊಡಿಸಿದ್ದರಂತೆ. ತಮಗೆ ಮಣ್ಣು, ನಿನಗೆ ಕಲ್ಲು. ಅರಮನೆ ಹೋಯಿತು. ನೀನು ಉತ್ತರಕ್ಕೆ ಮುಖ ಮಾಡಿ ಹಾಗೇ ಕೂತಿದ್ದೀಯೆ, ಎದುರಿಗೆ ಮಂಟಪದಲ್ಲಿ ನಂದಿ. ಮೂವತ್ತೆರಡು ಕೈಗಳಿದ್ದ ನಿನ್ನ ಮೂರ್ತಿ ಭಗ್ನವಾಗಿ ಹೋಗಿದೆ. ಗರ್ಭಗುಡಿಯ ತುಂಬ ಪೀಠವಿದೆ, ಅದರ ಸುತ್ತ ಮೂವತ್ತೆರಡು ಮಂದಿ ಶಕ್ತಿಯರು ಕೂತಿದ್ದಾರೆ. ಅಷ್ಟು ದೊಡ್ಡ ಪೀಠದ ಮೇಲೆ ನೀನು ಪುಟ್ಟ ಲಿಂಗ. ಅಮ್ಮ ಬಹಳ ಹೊತ್ತು ನೋಡಿ, "ಇದೇ ಚೆಂದ" ಅಂದಳು.

ಈ ಸೀಮೆಯ ತೋಟ ಅಳೆಯುವ ಕೋಲಿಗೆ ನಿನ್ನ ಕಂಬಗಳ ನಡುವಿನ ಅಂತರವೇ ಪ್ರಮಾಣವಾಗಿತ್ತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ, 18 ಅಡಿ 6 ಅಂಗುಲ. ಅಮ್ಮ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು. ಇದನ್ನು ಹೇಳಿದ್ದೇ ತಡ, ಕಂಬಕ್ಕೆ ಹಿಮ್ಮಡಿ ತಾಗಿಸಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯತೊಡಗಿದಳು. ಮಧ್ಯದಲ್ಲಿ ಎಣಿಕೆ ತಪ್ಪಿತು. ವಾಪಸು ಬಂದು ಮತ್ತೆ ಮೊದಲಿನಿಂದ. "ನಮ್ಮ ತೋಟದ ಅಳತೆ ನಿನ್ನ ಮನೆಯಿಂದ ಬಂದಿದ್ದಾ, ದೇವರೇ!" ಎಂದು ನಿನಗೇ ಕೇಳುವಂತೆ ಹೇಳಿದಳು. ನೀನೂ ಕೇಳಿಸಿಕೊಂಡಿರಬೇಕು.

ನಾನು ನಿಂತದ್ದು ಬೇರೆ ಕಡೆ. ಗರ್ಭಗುಡಿಗೆ ಎದುರಾಗಿ ನೆಲದಲ್ಲಿ ಮೂವರು ನಾಯಕರು ಅಡ್ಡಬಿದ್ದಿದ್ದಾರೆ. ಹಾಸುಗಲ್ಲಿನಲ್ಲೇ ಬಿಡಿಸಿದ ಆಕೃತಿಗಳು, ಮೇಲೆ ಅವರವರ ಹೆಸರು. ಕೂತು ನೋಡಿದೆ. ಒಬ್ಬನ ಕೈಗೂ ಕಾಲಿಗೂ ಸಂಕೋಲೆ. ಅವನು ಹುಚ್ಚನೆಂದು ಹೆಸರಾದ ಅರಸ. ಬಿಡಿಸು ಎಂದು ಬೇಡುತ್ತಿದ್ದಾನೋ, ಇದ್ದ ಹಾಗೇ ಬಂದಿದ್ದೇನೆ, ಒಪ್ಪಿಸಿಕೋ ಎನ್ನುತ್ತಿದ್ದಾನೋ? ಎರಡನೆಯದೇ ಇರಬೇಕು ಅನ್ನಿಸಿತು. ಬೇಡಿ ಬಿಚ್ಚಿಸಿಕೊಂಡ ಮೇಲೆ ಬರುತ್ತೇನೆ ಎಂದಿದ್ದರೆ ಅವನೂ ನನ್ನ ಹಾಗೆ ಇನ್ನೊಮ್ಮೆ, ಇನ್ನೊಮ್ಮೆ ಅನ್ನುತ್ತಲೇ ಇರುತ್ತಿದ್ದನೇನೋ. ಅವನ ಪಕ್ಕದ ತಣ್ಣನೆಯ ಕಲ್ಲಿಗೆ ಹಣೆ ಹಚ್ಚಿದೆ. ಅಪ್ಪನ ಹೆಸರು ಹೇಳಿದೆ. ಮಂಡಿ ಬಗ್ಗದ ಅಮ್ಮ ಕಂಬ ಹಿಡಿದುಕೊಂಡು ಆ ಅರಸನಿಗೆ ದಾರಿ ಬಿಟ್ಟು, ಸುತ್ತಿ ಬಳಸಿ ನಿನ್ನ ಹತ್ತಿರ ಬಂದಳು. ತುಳಿಯಬಾರದಲ್ಲ, ಎಂದಳು.

ಮಧ್ಯಾಹ್ನ ಕೆಳದಿ. ಒಂದೇ ಅಂಗಳದಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿ. ಕತ್ತೆತ್ತಿದರೆ ಛಾವಣಿಯಲ್ಲಿ ಗಂಡಭೇರುಂಡ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಚೆನ್ನಮ್ಮಾಜಿಯ ನಾಡು ಇದು. ಬಾಗಿಲಿಗೆ ಬಂದವನಿಗೆ 'ಇನ್ನೊಮ್ಮೆ ಬಾ' ಅನ್ನದ ಹೆಂಗಸು. ಅವಳ ಧೈರ್ಯದಲ್ಲಿ ಒಂದು ಚೂರನ್ನು ನನಗೂ ಕೊಡು.

ಬೇರೇನು ಬೇಡಲಿ? ನಿನ್ನ ಗೋಡೆಗಳ ಮೇಲೆ ಹೆಸರು ಕೆತ್ತುವ ಕೈಗಳಿಗೆ ಬುದ್ಧಿ ಕೊಡು. ಈ ಗುಡ್ಡಗಳ ಮೇಲೆ ಕಾಡು ಉಳಿಯಲಿ. ಕೊಳೆರೋಗ ಯಾರ ತೋಟಕ್ಕೂ ಬಾರದಿರಲಿ.

ಸಂಜೆಯ ರೈಲಿನಲ್ಲಿ ಅಮ್ಮ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಶಿವಮೊಗ್ಗದ ದೀಪಗಳು ಕಂಡಾಗ ಎಬ್ಬಿಸಿದೆ. ಕಣ್ಣು ಬಿಡುತ್ತಲೇ, "ಇನ್ನೊಮ್ಮೆ ಹೋಗೋಣ ಕಣೇ, ಆ ಎಣಿಕೆ ಪೂರ್ತಿ ಆಗಲಿಲ್ಲ" ಅಂದಳು. ಸ್ವಾಮೀ, ಅವಳ ಆ ಇನ್ನೊಮ್ಮೆಯನ್ನು ನಡೆಸಿಕೊಡು.