ಹೊನ್ನಿನ ಸುಳಿವೂ ಮಾತಿನ ಸತ್ಯವೂ

ಭೂಮಿಗೆ ವಸುಂಧರೆಯೆಂಬ ಹೆಸರುಂಟು. ವಸುವನ್ನು, ಎಂದರೆ ಸಂಪತ್ತನ್ನು, ಧರಿಸಿರುವವಳೆಂದು ಅದರ ಅರ್ಥ. ಧರಿಸಿರುವಳೆಂಬುದು ನಿಜವೇ, ಆದರೆ ಎಲ್ಲಿ, ಎಷ್ಟು ಆಳದಲ್ಲಿ, ಯಾವ ಪ್ರಮಾಣದಲ್ಲಿ ಎಂಬುದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಕೊಡುವುದು ಸುಳಿವುಗಳನ್ನು ಮಾತ್ರ. ಆ ಸುಳಿವನ್ನು ಕಂಡವನು ಇತರರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು, ಎಲ್ಲಿ ಮಾತು ನಿಲ್ಲಿಸಬೇಕು ಎಂಬುದು ಮೇಲುನೋಟಕ್ಕೆ ವಿಜ್ಞಾನದ ಪ್ರಶ್ನೆಯಾಗಿ ತೋರಿದರೂ ನಿಜದಲ್ಲಿ ಧರ್ಮದ ಪ್ರಶ್ನೆಯೇ ಆಗಿದೆ.

ಶಂಕರನಾರಾಯಣದ ಕಡೆಯಲ್ಲಿ ಹೊಸ ಮನೆ ಕಟ್ಟುವ ಗೃಹಸ್ಥನು ಮೊದಲು ಬಾವಿಯ ಯೋಚನೆ ಮಾಡುವನು. ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದಕ್ಕೂ ಕೆಳಗೆ ಬಂಡೆ. ನೀರಿನ ಸೆಲೆ ಯಾವ ಕಡೆಯಿಂದ ಹಾಯ್ದಿದೆಯೆಂಬುದು ಹೊರಗಣ್ಣಿಗೆ ಕಾಣದು. ನೀರು ನೋಡುವವನೊಬ್ಬನು ಕವಲುಕಡ್ಡಿ ಹಿಡಿದು ಹಿತ್ತಿಲಲ್ಲಿ ಸುತ್ತಾಡಿ, ಇಂತಹ ಜಾಗದಲ್ಲಿ ಇಷ್ಟು ಕೋಲಿಗೆ ನೀರುಂಟೆಂದು ಹೇಳುವನು. ಆ ಮಾತು ದಿಟವಾದರೆ ಊರೆಲ್ಲ ಅವನನ್ನು ಹೊಗಳುವುದು. ಹುಸಿಯಾದರೆ ತನಗೆ ಯೋಗವಿರಲಿಲ್ಲವೆಂದು ಮನೆಯ ಯಜಮಾನನೇ ಸಮಾಧಾನ ತಂದುಕೊಳ್ಳುವನು. ಹುಸಿಯಾದ ಮಾತುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಒಂದು ಬಾವಿಯ ಮಟ್ಟಿಗೆ ಈ ಮರೆವಿನಿಂದ ದೊಡ್ಡ ಕೇಡೇನೂ ಆಗದು. ಆದರೆ ಹುಡುಕುವ ವಸ್ತು ನೀರಾಗಿರದೆ ಹೊನ್ನಾಗಿದ್ದರೆ, ಅದೇ ಮರೆವು ಅನೇಕರ ಬಾಳನ್ನು ಕೆಡಿಸಬಲ್ಲುದು. ಒಂದು ಮಾತಿಗೆ ಗದ್ದೆಯ ಬೆಲೆ ಏರುವುದು, ಇನ್ನೊಂದು ಮಾತಿಗೆ ಇಳಿಯುವುದು. ದೂರದ ಊರಿನವನು ತನ್ನ ಉಳಿತಾಯವನ್ನು ಪಾಲುಪತ್ರಗಳಲ್ಲಿ ತೊಡಗಿಸುವನು. ಹತ್ತಿರದ ಒಕ್ಕಲು ಈ ವರ್ಷ ಅಡಿಕೆಯ ಸಸಿ ನೆಡುವುದೋ ಬಿಡುವುದೋ ಎಂದು ತಿಳಿಯದೆ ಕುಳಿತುಕೊಳ್ಳುವನು.

ಹೊನ್ನು ಎಲ್ಲೆಲ್ಲಿಯೂ ಇದ್ದು ಎಲ್ಲಿಯೂ ಸಾಲದ ವಸ್ತು. ಭೂಮಿಯ ಹೊರಪದರದ ಸಾಮಾನ್ಯ ಶಿಲೆಯಲ್ಲಿ ಟನ್ನಿಗೆ ಮೂರು ನಾಲ್ಕು ಮಿಲಿಗ್ರಾಮಿನಷ್ಟು ಚಿನ್ನವಿರುವುದೆಂದು ವಿಜ್ಞಾನಿಗಳ ಗಣನೆ. ಗಣಿಯ ವೆಚ್ಚ ಹುಟ್ಟಬೇಕಾದರೆ ಟನ್ನಿಗೆ ಒಂದೆರಡು ಗ್ರಾಮಾದರೂ ಬೇಕು. ಎಂದರೆ ಪ್ರಕೃತಿಯೇ ಅದನ್ನು ಒಂದೆಡೆ ಹಲವು ನೂರು ಮಡಿ ಒಟ್ಟುಗೂಡಿಸಿರಬೇಕು. ಅಂತಹ ಕಲ್ಲನ್ನು ಕೈಯಲ್ಲಿ ಹಿಡಿದರೂ ಅನೇಕ ವೇಳೆ ಕಣ್ಣಿಗೆ ಚಿನ್ನ ಕಾಣುವುದಿಲ್ಲ. ಆದುದರಿಂದ ಶೋಧಕನು ಮೊದಲ ಹಂತದಲ್ಲಿ ಹೆಚ್ಚಾಗಿ ಹುಡುಕುವುದು ಚಿನ್ನವನ್ನಲ್ಲ, ಚಿನ್ನದ ಒಡನಾಡಿಗಳನ್ನು.

ಈ ಹುಡುಕಾಟ ಮೂರು ವಿಧ. ಮೊದಲನೆಯದು ಶಿಲೆಗಳ ಪರಿಶೀಲನೆ. ಕರ್ನಾಟಕದ ಚಿನ್ನದ ನೆಲೆಗಳಾದ ಕೋಲಾರ, ಹಟ್ಟಿ, ಗದಗ ಇವೆಲ್ಲ 250 ಕೋಟಿ ವರ್ಷಗಳಿಗೂ ಹಿಂದಿನ ಪದರುಶಿಲೆಗಳ ಪಟ್ಟಿಗಳಲ್ಲಿವೆ. ಇಂತಹ ಶಿಲೆಗಳಿಗೆ 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರನ್ನಿಟ್ಟನು. ಅಲ್ಲಿ ನೆಲ ಬಿರಿದು ಜರುಗಿದ ಸೀಳುಗಳಲ್ಲಿ ಬೆಣಚುಕಲ್ಲಿನ ಎಳೆಗಳು ತುಂಬಿಕೊಂಡಿರುವ ತಾವುಗಳನ್ನು ನಕ್ಷೆಯಲ್ಲಿ ಗುರುತಿಸುವರು. ಎರಡನೆಯದು ಭೂರಸಾಯನದ ಶೋಧನೆ. ಹಳ್ಳತೊರೆಗಳ ಹೂಳನ್ನೂ, ಗುಡ್ಡದ ಮಣ್ಣನ್ನೂ ಗೊತ್ತಾದ ಅಂತರದಲ್ಲಿ ತೆಗೆದು, ಅದರಲ್ಲಿರುವ ಚಿನ್ನ, ಆರ್ಸೆನಿಕ್, ಆಂಟಿಮನಿ ಮುಂತಾದವುಗಳನ್ನು ಅಳೆಯುವರು. ಸಾವಿರ ಟನ್ನಿನಲ್ಲಿ ಅಡಗಿದ ಒಂದು ಗ್ರಾಮನ್ನೂ ಇಂದಿನ ಯಂತ್ರಗಳು ಕಾಣಬಲ್ಲವು. ಹಿಂದೆ ಕಪ್ಪತಗುಡ್ಡದ ಹಳ್ಳಗಳ ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ತೆಗೆಯುತ್ತಿದ್ದ ಜಾಲಗಾರರ ವಿದ್ಯೆಯೇ ಇಲ್ಲಿ ಸೂಕ್ಷ್ಮರೂಪವನ್ನು ತಾಳಿದೆಯೆನ್ನಬಹುದು. ಮೂರನೆಯದು ಭೂಭೌತಶೋಧನೆ. ನೆಲದ ಕಾಂತಶಕ್ತಿಯ ಏರಿಳಿತವನ್ನು ಅಳೆಯುವುದು, ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅದು ಎಲ್ಲಿ ತಡೆಯುವುದು, ಎಲ್ಲಿ ತಂಗುವುದು ಎಂದು ನೋಡುವುದು ಇದರ ಕ್ರಮ. ಚಿನ್ನದ ಜೊತೆಗಿರುವ ಮಾಕ್ಷಿಕದಂತಹ ಗಂಧಕದ ಖನಿಜಗಳು ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವುವು.

ಈ ಮೂರೂ ಸೇರಿ ಕೊಡುವ ಜ್ಞಾನ ಎಂತಹದು? ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತ ನಮ್ಮ ತರ್ಕಶಾಸ್ತ್ರದಲ್ಲಿ ಸುಪ್ರಸಿದ್ಧವಾದುದು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದರಿಂದ ಆ ಊಹೆ ನಿರ್ದುಷ್ಟ. ಆದರೆ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಹೊರಟರೆ ತಪ್ಪುವುದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಕಟ್ಟಿಗೆಯ ಸಂಬಂಧವಿದ್ದಲ್ಲಿ ಮಾತ್ರ ಬೆಂಕಿಯಿಂದ ಹೊಗೆ. ಈ ಹೆಚ್ಚಿನ ಕಟ್ಟಳೆಯನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಚಿನ್ನದ ಸುಳಿವುಗಳೆಲ್ಲ ಈ ಎರಡನೆಯ ವರ್ಗಕ್ಕೆ ಸೇರಿದವು. ಚಿನ್ನವಿರುವ ಅನೇಕ ಕಡೆಗಳಲ್ಲಿ ಆರ್ಸೆನಿಕ್ ಇರುವುದು ನಿಜ. ಆರ್ಸೆನಿಕ್ ಇದ್ದಲ್ಲೆಲ್ಲ ಚಿನ್ನವಿಲ್ಲ. ಮಾಕ್ಷಿಕವು ವಿದ್ಯುತ್ತನ್ನು ಹಿಡಿದಿಡುವಂತೆ, ಚಿನ್ನದ ಗಂಧವೇ ಇಲ್ಲದ ಗ್ರಾಫೈಟ್ ಕೂಡ ಹಿಡಿದಿಡುವುದು. ಬೆಣಚುಕಲ್ಲಂತೂ ಹಾದಿಬೀದಿಯಲ್ಲಿ ಬಿದ್ದಿರುವುದು. ಒಂದೊಂದು ಸುಳಿವೂ ವ್ಯಭಿಚರಿಸುವಂಥದು. ಮೂರೂ ಒಂದೇ ತಾವಿನಲ್ಲಿ ಕೂಡಿದರೆ ಸಂಭವವು ಹೆಚ್ಚುವುದಲ್ಲದೆ ನಿಶ್ಚಯವು ಹುಟ್ಟುವುದಿಲ್ಲ. ನಿಶ್ಚಯಕ್ಕೆ ನೆಲವನ್ನು ಕೊರೆದೇ ತೀರಬೇಕು. ಅದೂ ಒಂದೆಡೆಯಲ್ಲ, ಹಲವೆಡೆ.

ಆದುದರಿಂದಲೇ ಭಾರತದಲ್ಲಿ ಖನಿಜಶೋಧನೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿರುವರು. ಪ್ರಾರಂಭದ ಸಮೀಕ್ಷೆಗೆ ಜಿ-4 ಎಂದೂ, ಕೊನೆಯ ವಿವರವಾದ ಶೋಧನೆಗೆ ಜಿ-1 ಎಂದೂ ಹೆಸರು. ಇದು ಕಚೇರಿಯ ಪರಿಭಾಷೆಯಂತೆ ಕಂಡರೂ ಮಾತಿನ ಮರ್ಯಾದೆಯನ್ನು ಗೊತ್ತುಪಡಿಸುವ ಏರ್ಪಾಡು. ಜಿ-4ರಲ್ಲಿ ಕಂಡುದನ್ನು ಜಿ-1ರ ಧ್ವನಿಯಲ್ಲಿ ಆಡುವವನು ಅಕ್ಷರಶಃ ಸುಳ್ಳು ಹೇಳಿರಲಾರನು. ಆದರೂ ಅವನು ಕೇಳುವವನನ್ನು ವಂಚಿಸಿದಂತೆಯೇ. ಅಸತ್ಯವು ಮಾತಿನ ಅರ್ಥದಲ್ಲಿ ಮಾತ್ರವಲ್ಲ, ಅದರ ತೂಕದಲ್ಲಿಯೂ ಇರಬಲ್ಲುದು.

ಇಲ್ಲಿ ಒಂದು ಆಕ್ಷೇಪ ಏಳುವುದು. ಎಲ್ಲರೂ ಹೀಗೆ ಅಳೆದು ತೂಗಿ ಮಾತಾಡುತ್ತ ಕುಳಿತಿದ್ದರೆ ಕೋಲಾರದ ಗಣಿ ಹುಟ್ಟುತ್ತಿತ್ತೇ? ಭರವಸೆಯನ್ನು ತುಸು ಉಬ್ಬಿಸಿ ಹೇಳದಿದ್ದರೆ ಹಣ ಹೂಡುವವರು ಯಾರು? ಈ ಆಕ್ಷೇಪವನ್ನು ತಳ್ಳಿಹಾಕುವುದಕ್ಕೆ ಮುಂಚೆ ಚರಿತ್ರೆಯನ್ನು ನೋಡಬೇಕು.

1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಆ ಕಡೆಯಲ್ಲಿ ಚಿನ್ನ ಸಿಕ್ಕುವುದೆಂಬ ಜನವಾರ್ತೆಯನ್ನು ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವೆನೆಂದನು. ಹಳ್ಳಿಯವರು ಮಣ್ಣನ್ನು ತಂದು ಅವನೆದುರಿಗೆ ತೊಳೆದು ಕಣಗಳನ್ನು ತೋರಿಸಿದರು. ಅವನು ಕಂಡುದನ್ನು ಬರೆದು ಪ್ರಕಟಿಸಿದನು. ಆ ಬರಹವನ್ನು ಓದಿದ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು 1873ರಲ್ಲಿ ಮೈಸೂರು ಸರಕಾರದಿಂದ ಗಣಿಯ ಅನುಮತಿಯನ್ನು ಬೇಡಿದನು. ಏಳು ದಶಕಗಳ ಹಿಂದಿನ ಒಂದು ವರದಿ ಆಗಲೂ ಕೆಲಸಕ್ಕೆ ಬಂದಿತು.

ಇದಕ್ಕೆ ಎದುರಾದ ಕಥೆ ವೈನಾಡಿನದು. 1879ರಿಂದ ಎರಡು ಮೂರು ವರ್ಷಗಳ ಕಾಲ ಅಲ್ಲಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ಹತ್ತಾರು ಕಂಪೆನಿಗಳು ಎದ್ದು, ಜನರಿಂದ ಅಪಾರವಾದ ಬಂಡವಾಳವನ್ನೆತ್ತಿದವು. ನೆಲದಲ್ಲಿ ಚಿನ್ನವಿರಲಿಲ್ಲವೆಂದಲ್ಲ, ಹೇಳಿದಷ್ಟಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕಂಪೆನಿಗಳು ಮುಳುಗಿದವು. ಅದೇ ಕಾಲದಲ್ಲಿ, 1880ರಲ್ಲಿ, ಹುಟ್ಟಿದ ಮೈಸೂರು ಚಿನ್ನದ ಗಣಿಯ ಕಂಪೆನಿಯೂ ಮೊದಲಲ್ಲಿ ಏನನ್ನೂ ಕಾಣದೆ ಬಹುಭಾಗ ಬಂಡವಾಳವನ್ನು ಕಳೆಯಿತು. ಪಾಲುದಾರರಲ್ಲಿ ಹಲವರು ಕೈಬಿಡೋಣವೆಂದರು. ಜಾನ್ ಟೇಲರ್ ಉಳಿದ ಹಣವನ್ನೂ ಹಾಕಿ ನೋಡೋಣವೆಂದನು. ಆ ಬಳಿಕವೇ ಚಾಂಪಿಯನ್ ರೀಫ್ ಎಂಬ ಮಹಾಧಾರೆ ಸಿಕ್ಕಿತು. ಅಲ್ಲಿಂದ ಮುಂದೆ ಕೋಲಾರದ ನೆಲ ಸುಮಾರು 120 ವರ್ಷಗಳಲ್ಲಿ 800 ಟನ್ನುಗಳಷ್ಟು ಚಿನ್ನವನ್ನು ಕೊಟ್ಟಿತು.

ಟೇಲರನಿಗೂ ವೈನಾಡಿನ ಪ್ರಚಾರಕರಿಗೂ ಭೇದವೇನು? ಒಬ್ಬನಿಗೆ ಚಿನ್ನ ಸಿಕ್ಕಿತು, ಇತರರಿಗೆ ಸಿಕ್ಕಲಿಲ್ಲ ಎಂಬುದು ಭೇದವಾದರೆ ನೀತಿಯು ಅದೃಷ್ಟದ ದಾಸಿಯಾದೀತು. ನಿಜವಾದ ಭೇದ ಬೇರೆ. ಹಣ ಕರಗಿದೆ, ಚಿನ್ನ ಇನ್ನೂ ಕಂಡಿಲ್ಲ ಎಂಬುದು ಮೈಸೂರು ಕಂಪೆನಿಯ ಪಾಲುದಾರರಿಗೆ ತಿಳಿದಿತ್ತು. ತಿಳಿದೇ ಅವರು ಮುಂದುವರಿಯಲು ಒಪ್ಪಿದರು. ಅದು ಸಾಹಸ. ವೈನಾಡಿನಲ್ಲಿ ಹಣ ಹೂಡಿದವರ ಮುಂದೆ ಸುಳಿವನ್ನೇ ಸಿದ್ಧಿಯೆಂದು ಇರಿಸಲಾಗಿತ್ತು. ಒಬ್ಬನು ಕತ್ತಲೆಯೆಂದು ಹೇಳಿ ಜೊತೆಗಾರರನ್ನು ಕರೆದೊಯ್ದನು. ಇತರರು ಬೆಳಗಾಗಿದೆಯೆಂದು ಹೇಳಿ ಕರೆದೊಯ್ದರು. ಭರವಸೆ ದೋಷವಲ್ಲ, ಭರವಸೆಗೆ ಸಾಕ್ಷ್ಯದ ವೇಷ ತೊಡಿಸುವುದು ದೋಷ. ಉಬ್ಬಿಸಿದ ಮಾತು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಇಂಡೊನೇಷ್ಯದ ಬುಸಾಂಗ್ ಸಾಕ್ಷಿ. ಅಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪೆನಿಯ ಶಿಲಾಮಾದರಿಗಳಿಗೆ ಹೊರಗಿನ ಚಿನ್ನದ ಪುಡಿಯನ್ನು ಬೆರೆಸಿದ್ದುದು 1997ರಲ್ಲಿ ಬಯಲಾದಾಗ, ನಂಬಿದ್ದ ಸಹಸ್ರಾರು ಜನರ ಹಣ ನೀರುಪಾಲಾಯಿತು.

ಇನ್ನು "ಇಲ್ಲ" ಎಂಬ ಮಾತಿನ ವಿಚಾರ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು. ಆದರೆ ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಬೇಕು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ತಿಳಿದಂತಾಗಲಿಲ್ಲ. ಶೋಧಕನಿಗೆ ಇದು ನಿತ್ಯದ ಪಾಠ. ಮಾದರಿಗಳನ್ನು ನೂರು ಮೀಟರಿಗೊಂದರಂತೆ ತೆಗೆದನೋ, ಒಂದು ಕಿಲೋಮೀಟರಿಗೊಂದರಂತೆ ತೆಗೆದನೋ? ಯಂತ್ರದ ಸೂಕ್ಷ್ಮತೆ ಎಷ್ಟಿತ್ತು? ಮುರಕಲ್ಲಿನ ನಾಡಿನಲ್ಲಿ ಯುಗಯುಗಗಳ ಮಳೆ ಶಿಲೆಯನ್ನು ಕೊಳೆಯಿಸಿ, ಕೆಲವು ಧಾತುಗಳನ್ನು ತೊಳೆದು ಕೆಲವನ್ನು ಉಳಿಸಿ, ಮೂಲದ ಗುರುತನ್ನೇ ಮಾಸಿಸಿರುವುದು. ಅಲ್ಲಿ ಮೇಲ್ಮಣ್ಣಿನ ಮೌನವನ್ನು ಬಂಡೆಯ ಮೌನವೆಂದು ತಿಳಿಯಲಾಗದು. ಪ್ರಾಮಾಣಿಕನಾದ ಶೋಧಕನು ಪ್ರಯೋಗಶಾಲೆಗೆ ಕಳುಹಿಸುವ ಮಾದರಿಗಳ ನಡುವೆ ಚಿನ್ನವೇ ಇಲ್ಲದ ಪುಡಿಯನ್ನೂ, ಇಷ್ಟೇ ಚಿನ್ನವಿದೆಯೆಂದು ಮೊದಲೇ ಗೊತ್ತಿರುವ ಪುಡಿಯನ್ನೂ ಗುಟ್ಟಾಗಿ ಸೇರಿಸುವನು. ಅದು ಪರೀಕ್ಷಕನನ್ನೇ ಪರೀಕ್ಷಿಸುವ ಕ್ರಮ. ತನ್ನ ಆಸೆಯನ್ನೂ ಹಾಗೆಯೇ ಪರೀಕ್ಷಿಸಿಕೊಂಡವನ "ಇಲ್ಲ"ಕ್ಕೂ "ಇದೆ"ಗೂ ಒಂದೇ ಬೆಲೆ.

ಆದರೆ ಲೋಕವು ಆ ಎರಡಕ್ಕೂ ಒಂದೇ ಬೆಲೆ ಕೊಡುವುದಿಲ್ಲ. 2015ರ ತಿದ್ದುಪಡಿಯಿಂದ ಖನಿಜಗಳ ಹಕ್ಕು ಹರಾಜಿಗೆ ಒಳಪಟ್ಟಿತು. 2023ರ ತಿದ್ದುಪಡಿಯು ಚಿನ್ನವೂ ಸೇರಿ 29 ಖನಿಜಗಳ ಹುಡುಕಾಟಕ್ಕೆ ಶೋಧನೆಯ ಪರವಾನಗಿಯೆಂಬ ಹೊಸ ಏರ್ಪಾಡನ್ನು ತಂದಿತು. ಶೋಧಕನು ಕಂಡ ನಿಕ್ಷೇಪ ಮುಂದೆ ಗಣಿಯ ಹರಾಜಿಗೆ ಬಂದರೆ ಆ ಆದಾಯದಲ್ಲಿ ಅವನಿಗೆ ಪಾಲುಂಟು. ಶ್ರಮಕ್ಕೆ ಫಲವಿರುವುದು ನ್ಯಾಯವೇ. ಆದರೆ "ಇದೆ"ಗೆ ಸಂಭಾವನೆಯೂ "ಇಲ್ಲ"ಕ್ಕೆ ನಷ್ಟವೂ ಗೊತ್ತಾದ ಮೇಲೆ ನಾಲಗೆಯನ್ನು ನೆಟ್ಟಗಿಡುವ ಹೊಣೆ ಕಾಯಿದೆಗಿಂತ ಹೆಚ್ಚಾಗಿ ಮನುಷ್ಯನ ಮೇಲೆ ಬೀಳುವುದು.

ಈ ಹೊಣೆ ಯಾರಿಗೆ ಸಲ್ಲಬೇಕಾದುದು? ಹಣ ಹೂಡಿದವನಿಗೆ ಮಾತ್ರವಲ್ಲ. ಯಾರ ಗದ್ದೆಯ ಅಂಚಿನಲ್ಲಿ ಮಣ್ಣು ತೆಗೆದರೋ ಅವನಿಗೆ ಮೊದಲು. ವಾರೆನನಿಗೆ ಸುಳಿವು ಕೊಟ್ಟವರು ಹಳ್ಳಿಯವರೇ. ಇಂದಿಗೂ ಹಳೆಯ ಕುಳಿಗಳನ್ನೂ ಕಲ್ಲಿನ ಬಣ್ಣವನ್ನೂ ಬಲ್ಲವರು ಅವರೇ. ಅಂಥವರಿಗೆ ಸುದ್ದಿ ಕೊನೆಯಲ್ಲಿ, ಅದೂ ಗಾಳಿಮಾತಾಗಿ, ತಲಪುವುದು ಅನ್ಯಾಯ. ಇದು ಬರಿಯ ಸುಳಿವು, ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಆಗದೆ ಹೋಗಬಹುದು, ಆದರೆ ಹೀಗೂ ಆಗಬಹುದು ಎಂದು ಅವರ ಮಾತಿನಲ್ಲಿ ತಿಳಿಸುವುದಕ್ಕೆ ಯಾವ ಯಂತ್ರವೂ ಬೇಡ. ಸಿದ್ಧಿಯಾದರೆ ಏನಾಗುವುದೆಂಬುದನ್ನೂ ಮುಚ್ಚಿಡಬಾರದು. ಟನ್ನಿಗೆ 40 ಗ್ರಾಮುಗಳಿಗೂ ಮಿಕ್ಕಿ ಚಿನ್ನ ಕೊಡುತ್ತ ಮೊದಲಾದ ಕೋಲಾರದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಕಸುವು ಕುಂದಿ, 2001ರ ಫೆಬ್ರುವರಿ 28ರಂದು ಮುಚ್ಚಿದವು. ಕೆಲಸ ಕಳೆದುಕೊಂಡ ಸಾವಿರಾರು ಸಂಸಾರಗಳೂ, ಸಯನೈಡು ಹಾಯಿಸಿದ ಪುಡಿಮಣ್ಣಿನ ದಿಬ್ಬಗಳೂ ಹಿಂದುಳಿದವು. ಸುಳಿವಿನ ದಿನವೇ ಈ ಕೊನೆಯನ್ನೂ ನೆನೆಯುವುದು ಅಮಂಗಳವಲ್ಲ, ವಿವೇಕ.

1915ರಲ್ಲಿ ರಾಯಚೂರಿನ ಸೀಮೆಯಲ್ಲಿ, ಹಟ್ಟಿಗೆ ಸಮೀಪದ ಮಸ್ಕಿಯಲ್ಲಿ, ಬೀಡನ್ ಎಂಬ ಗಣಿಯ ಇಂಜಿನಿಯರನು ಬಂಡೆಯ ಮೇಲೆ ಅಕ್ಷರಗಳನ್ನು ಕಂಡನು. ಅವನ ಕಸುಬು ಚಿನ್ನದ್ದು. ಅಕ್ಷರಗಳಿಂದ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ಆದರೂ ಕಂಡುದನ್ನು ಬಲ್ಲವರಿಗೆ ತಿಳಿಸಿದನು. ದೇವಾನಾಂಪ್ರಿಯನೆಂಬ ಬಿರುದಿನ ರಾಜನು ಅಶೋಕನೇ ಎಂಬುದನ್ನು ಹೆಸರು ಹಿಡಿದು ಸ್ಥಾಪಿಸಿದ ಶಾಸನವದು. ಹುಡುಕಿದುದು ಸಿಕ್ಕದಿದ್ದರೂ ಸಿಕ್ಕಿದುದನ್ನು ಇದ್ದಂತೆಯೇ ಹೇಳುವವನಿಂದ ಲೋಕಕ್ಕೆ ನಷ್ಟವಿಲ್ಲ. ಭೂಮಿಯು ತನ್ನ ಹೊನ್ನನ್ನು ಇನ್ನೂ ಕೆಲವು ಸಾವಿರ ವರ್ಷ ಬಚ್ಚಿಟ್ಟುಕೊಂಡರೂ ಕೆಡುವುದೇನೂ ಇಲ್ಲ. ಅದನ್ನು ಹುಡುಕುವವರ ಮಾತಿನ ಮೇಲಣ ನಂಬಿಕೆ ಒಮ್ಮೆ ಕೆಟ್ಟರೆ ಅದನ್ನು ಯಾವ ಗಣಿಯಿಂದಲೂ ತೋಡಿ ತೆಗೆಯಲಾಗದು.